ಮುಖ ಯಾರ ಸ್ವತ್ತು? ಸಿಸಿಲಿ ಟೈಸನ್ ನಡೆದ ದಾರಿ



ಇವತ್ತು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಅಮೆರಿಕದ ಒಬ್ಬ ನಟಿಯ ಬಗ್ಗೆ. ಅವರ ಹೆಸರು ಸಿಸಿಲಿ ಟೈಸನ್. 2021ರ ಜನವರಿ 28ರಂದು, ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಎರಡೇ ದಿನ ಮೊದಲು ಅವರ ಆತ್ಮಕಥೆ ಓದುಗರ ಕೈಸೇರಿತ್ತು. ಅಷ್ಟು ದೀರ್ಘ ಬದುಕಿನ ಲೆಕ್ಕವನ್ನೆಲ್ಲ ತಾವೇ ಒಪ್ಪಿಸಿ ಹೊರಟರು.

ಮಾಡೆಲಿಂಗ್‌ನಿಂದ ಟಿ.ವಿ.ಗೆ, ಟಿ.ವಿ.ಯಿಂದ ಸಿನಿಮಾಕ್ಕೆ ಬರುವ ದಾರಿ ಈಗ ನಮಗೆಲ್ಲ ಪರಿಚಿತವಾದದ್ದೇ. ಜಾಹೀರಾತಿನಲ್ಲಿ ಕಂಡ ಹುಡುಗಿ ಆರು ತಿಂಗಳಲ್ಲಿ ಧಾರಾವಾಹಿಯ ಸೊಸೆಯಾಗುತ್ತಾಳೆ, ಮತ್ತೆರಡು ವರ್ಷಕ್ಕೆ ಸಿನಿಮಾದ ನಾಯಕಿಯಾಗುತ್ತಾಳೆ. ನಾವದನ್ನು ಮೆಟ್ಟಿಲು ಹತ್ತಿದ ಕಥೆ ಎಂದು ಓದಿ ಸಂತೋಷಪಡುತ್ತೇವೆ. ಟೈಸನ್ ಕೂಡ ಇದೇ ಮೆಟ್ಟಿಲು ಹತ್ತಿದವರು. ಆದರೆ ಅವರ ಬದುಕು ನನ್ನ ಮುಂದೆ ಬೇರೊಂದು ಪ್ರಶ್ನೆಯನ್ನು ಇಟ್ಟಿದೆ. ಕ್ಯಾಮೆರಾದ ಮುಂದೆ ನಿಂತ ಹೆಣ್ಣಿನ ಮುಖ ಯಾರ ಸ್ವತ್ತು? ಬಟ್ಟೆ ಮಾರುವವನದೇ, ಪತ್ರಿಕೆಯವನದೇ, ನಿರ್ಮಾಪಕನದೇ, ನೋಡುವ ನಮ್ಮದೇ? ಅಥವಾ ಆಕೆಯದೇ? ಟೈಸನ್ ಅರವತ್ತಕ್ಕೂ ಹೆಚ್ಚು ವರ್ಷ ದುಡಿದು ಈ ಪ್ರಶ್ನೆಗೆ ಉತ್ತರ ಕೊಟ್ಟರು. ಆ ಉತ್ತರವನ್ನು ನಿಮ್ಮ ಮುಂದಿಡುವುದೇ ಈ ಮಾತಿನ ಉದ್ದೇಶ.

ಅವರು ಹುಟ್ಟಿದ್ದು 1924ರ ಡಿಸೆಂಬರ್ 19ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಹಾರ್ಲೆಮ್ ಕಡೆಯ ಕಪ್ಪುಜನರ ಬಡ ಕೇರಿಗಳಲ್ಲಿ. ತಂದೆ ತಾಯಿ ಕೆರಿಬಿಯನ್ ಸಮುದ್ರದ ನೀವಿಸ್ ಎಂಬ ಪುಟ್ಟ ದ್ವೀಪದಿಂದ ಹೊಟ್ಟೆಪಾಡಿಗಾಗಿ ಬಂದವರು. ತಂದೆ ಬಡಗಿ ಕೆಲಸ, ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದರು. ತಾಯಿ ಬೇರೆಯವರ ಮನೆಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಈ ಮನೆಗೆಲಸದ ತಾಯಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾರೆ. ತಂದೆ ತಾಯಿ ಬೇರೆಯಾದ ಮೇಲೆ ಮಕ್ಕಳು ತಾಯಿಯ ಬಳಿ ಉಳಿದರು. ಪುಟ್ಟ ಸಿಸಿಲಿ ಬೀದಿಯಲ್ಲಿ ಕೈಚೀಲ ಮಾರಿ ಮನೆಗೆ ನಾಲ್ಕು ಕಾಸು ತಂದದ್ದೂ ಉಂಟು.

ತಾಯಿ ಬಲು ದೈವಭಕ್ತೆ. ಚರ್ಚು, ಪ್ರಾರ್ಥನೆ, ಭಕ್ತಿಗೀತೆ, ಅದೇ ಅವರ ಲೋಕ. ನಾಟಕ, ಸಿನಿಮಾ ಎಂದರೆ ಪಾಪದ ಕೂಪ ಎಂಬುದು ಅವರ ದೃಢವಾದ ನಂಬಿಕೆ. ಅಂಥ ಮನೆಯಲ್ಲಿ ಬೆಳೆದ ಸಿಸಿಲಿ ಹದಿಹರೆಯದಲ್ಲೇ ಮದುವೆಯಾಗಿ ಒಬ್ಬ ಮಗಳ ತಾಯಿಯಾದರು. ಆ ಸಂಸಾರ ನಿಲ್ಲಲಿಲ್ಲ. ಓದು ಮುಗಿಸಿ ಅಮೆರಿಕದ ರೆಡ್ ಕ್ರಾಸ್ ಕಚೇರಿಯಲ್ಲಿ ಬೆರಳಚ್ಚು ಕೆಲಸಕ್ಕೆ ಸೇರಿದರು. ಬೆಳಗಿನಿಂದ ಸಂಜೆಯವರೆಗೆ ಟೈಪ್‌ರೈಟರ್. ಒಂದು ದಿನ ಎದ್ದು ನಿಂತು, ಜೀವಮಾನವಿಡೀ ಈ ಯಂತ್ರವನ್ನು ಕುಟ್ಟುತ್ತಿರಲಿ ಎಂದು ದೇವರು ನನ್ನನ್ನು ಹುಟ್ಟಿಸಿರಲಾರ ಎಂದು ಸುತ್ತಲಿನವರಿಗೆ ಕೇಳುವಂತೆ ಹೇಳಿದರಂತೆ. ಇದನ್ನು ಅವರೇ ಮತ್ತೆ ಮತ್ತೆ ನೆನೆಯುತ್ತಿದ್ದರು.

ಅಲ್ಲಿಂದ ಮಾಡೆಲಿಂಗ್. ಆ ಹೊತ್ತಿಗೆ ಕಪ್ಪುಜನರಿಗಾಗಿಯೇ ಹೊರಡುತ್ತಿದ್ದ ಪತ್ರಿಕೆಯೊಂದು ಅಮೆರಿಕದಲ್ಲಿ ಬೇರುಬಿಟ್ಟಿತ್ತು. ಅದು ‘ಎಬನಿ’, 1945ರಲ್ಲಿ ಷಿಕಾಗೋದಲ್ಲಿ ಶುರುವಾದದ್ದು. ಅದರ ಪುಟಗಳಲ್ಲಿ ಟೈಸನ್ ಕಾಣಿಸಿಕೊಂಡರು. ಎತ್ತರದ ಕೆನ್ನೆಮೂಳೆ, ದೊಡ್ಡ ಕಣ್ಣು, ನೀಳವಾದ ಕತ್ತು, ತೆಳ್ಳನೆಯ ಮೈಕಟ್ಟು. ಬೇಡಿಕೆ ಬೆಳೆಯಿತು. ‘ವೋಗ್’, ‘ಹಾರ್ಪರ್ಸ್ ಬಜಾರ್’ನಂಥ ಫ್ಯಾಷನ್ ಪತ್ರಿಕೆಗಳಿಗೂ ಅವರ ಮುಖ ತಲುಪಿತು.

ಆದರೆ ಆ ಲೋಕದ ಬೇಲಿ ಎಷ್ಟು ಎತ್ತರವಾಗಿತ್ತು ನೋಡಿ. ಅಮೆರಿಕದ ‘ವೋಗ್’ ತನ್ನ ಮುಖಪುಟದಲ್ಲಿ ಮೊದಲ ಬಾರಿಗೆ ಒಬ್ಬ ಕಪ್ಪು ಮಾಡೆಲ್‌ಗೆ ಜಾಗ ಕೊಟ್ಟದ್ದು 1974ರ ಆಗಸ್ಟ್‌ನಲ್ಲಿ. ಆಕೆ ಬೆವರ್ಲಿ ಜಾನ್ಸನ್. ಅಂದರೆ ಟೈಸನ್ ಈ ಕೆಲಸ ಮಾಡುತ್ತಿದ್ದ ಕಾಲಕ್ಕೆ ಅಂಥ ಮುಖಪುಟ ಇನ್ನೂ ಇಪ್ಪತ್ತು ವರ್ಷ ದೂರವಿತ್ತು. ಒಳಪುಟದಲ್ಲಿ ಕಾಣಿಸಿಕೊಳ್ಳಬಹುದು, ಹೊರಗೆ ಬರುವಂತಿಲ್ಲ. ಇನ್ನೊಂದು ಮಿತಿ ಆ ವೃತ್ತಿಗೇ ಅಂಟಿಕೊಂಡದ್ದು. ಮಾಡೆಲ್‌ಗೆ ಮುಖವಿದೆ, ಮಾತಿಲ್ಲ. ಉಡುಪು ಬೇರೆಯವರದು, ನಿಲ್ಲುವ ಭಂಗಿ ಬೇರೆಯವರು ಹೇಳಿಕೊಟ್ಟದ್ದು, ತಲೆಗೂದಲು ಹೇಗಿರಬೇಕೆಂಬುದೂ ಬೇರೆಯವರ ತೀರ್ಮಾನ. ಆಗಿನ ಕಪ್ಪು ಮಾಡೆಲ್‌ಗಳ ಮಟ್ಟಿಗೆ ಆ ತೀರ್ಮಾನ ಒಂದೇ. ಗುಂಗುರು ಕೂದಲನ್ನು ಕಾಸಿದ ಕಬ್ಬಿಣದ ಬಾಚಣಿಗೆಯಿಂದಲೋ ರಾಸಾಯನಿಕದಿಂದಲೋ ನೆಟ್ಟಗೆ ಮಾಡಬೇಕು. ಹುಟ್ಟಿನಿಂದ ಬಂದ ಕೂದಲನ್ನು ಅಡಗಿಸಿದರೆ ಮಾತ್ರ ಅಂದ.

ಮಾಡೆಲಿಂಗ್‌ನಲ್ಲಿ ಕಂಡ ಮುಖವೇ ಅವರನ್ನು ನಟನೆಯ ಕಡೆಗೆ ಕರೆದೊಯ್ದಿತು. 1950ರ ದಶಕದ ನಡುವಿನಲ್ಲಿ ಅವರು ನಟನೆಗೆ ಕಾಲಿಟ್ಟಾಗ ವಯಸ್ಸು ಮೂವತ್ತು ದಾಟಿತ್ತು. ಹತ್ತು ವರ್ಷ ಇಳಿಸಿ ಹೇಳಬೇಕೆಂದು ವೃತ್ತಿ ಬಲ್ಲವರು ಸಲಹೆ ಕೊಟ್ಟರು. ನೋಡುವವರಿಗೂ ಅನುಮಾನ ಬರಲಿಲ್ಲ. ನಿಜವಾದ ವಯಸ್ಸು ಹೊರಜಗತ್ತಿಗೆ ತಿಳಿದದ್ದು ದಶಕಗಳ ನಂತರ. ಇತ್ತ ಮಗಳು ನಟಿಯಾಗುತ್ತಾಳೆಂದು ತಿಳಿದ ತಾಯಿ ಹಾಗಾದರೆ ನನ್ನ ಮನೆಯಲ್ಲಿ ನಿನಗೆ ಜಾಗವಿಲ್ಲ ಎಂದುಬಿಟ್ಟರು. ಬಹುಕಾಲ ತಾಯಿ ಮಗಳ ನಡುವೆ ಮಾತಿರಲಿಲ್ಲ. ಕೊನೆಗೊಮ್ಮೆ ಮಗಳ ಅಭಿನಯವನ್ನು ಕಣ್ಣಾರೆ ಕಂಡು ಆ ತಾಯಿ ಹೆಮ್ಮೆಪಟ್ಟರು.

1961ರಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಹೌಸ್‌ನಲ್ಲಿ ಫ್ರೆಂಚ್ ನಾಟಕಕಾರ ಜಾನ್ ಜೆನೆಯ ‘ದಿ ಬ್ಲಾಕ್ಸ್’ ನಾಟಕ ರಂಗಕ್ಕೆ ಬಂತು. ಸಾವಿರದ ನಾನೂರಕ್ಕೂ ಹೆಚ್ಚು ಪ್ರದರ್ಶನ ಕಂಡ ನಾಟಕ ಅದು. ಆ ತಂಡದಲ್ಲಿದ್ದವರ ಹೆಸರು ಕೇಳಿ: ಜೇಮ್ಸ್ ಅರ್ಲ್ ಜೋನ್ಸ್, ಲೂಯಿ ಗಾಸೆಟ್, ರಾಸ್ಕೊ ಲೀ ಬ್ರೌನ್, ಕವಯಿತ್ರಿ ಮಾಯಾ ಏಂಜೆಲೊ, ಜೊತೆಗೆ ನಮ್ಮ ಸಿಸಿಲಿ ಟೈಸನ್. ಮುಂದಿನ ಅರ್ಧ ಶತಮಾನದ ಕಪ್ಪು ರಂಗಭೂಮಿಯೂ ಚಿತ್ರರಂಗವೂ ಒಂದೇ ವೇದಿಕೆಯ ಮೇಲೆ ನಿಂತಿದ್ದವು ಎಂದರೆ ಅತಿಶಯವಲ್ಲ.

ಅಷ್ಟರಲ್ಲಾಗಲೇ ಟಿ.ವಿ.ಯೂ ಬಾಗಿಲು ತೆರೆದಿತ್ತು. ಅವರ ಬದುಕಿನ ಮೊದಲ ದೊಡ್ಡ ತಿರುವು ಇಲ್ಲಿದೆ. 1950ರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ ಒಂದು ಟಿ.ವಿ. ನಾಟಕದಲ್ಲಿ ಆಫ್ರಿಕಾದ ಹೆಣ್ಣಿನ ಪಾತ್ರ ಸಿಕ್ಕಿತು. ಆಫ್ರಿಕಾದ ಹೆಣ್ಣಿನ ತಲೆಯಲ್ಲಿ ನೆಟ್ಟಗೆ ಮಾಡಿದ ಕೂದಲು ಎಲ್ಲಿಂದ ಬರಬೇಕು ಎಂದು ಅವರಿಗೆ ಅನ್ನಿಸಿತು. ನೇರವಾಗಿ ಕ್ಷೌರದಂಗಡಿಗೆ ಹೋಗಿ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ಹುಟ್ಟುಗುಂಗುರಿನಲ್ಲೇ ಕ್ಯಾಮೆರಾದ ಮುಂದೆ ನಿಂತರು. ಅಷ್ಟು ದಿನ ಮಾಡೆಲಿಂಗ್ ಲೋಕ ತನ್ನದೆಂದುಕೊಂಡಿದ್ದ ತಲೆಯನ್ನು ಅವರು ಅಂದು ಮರಳಿ ಪಡೆದರು.

1963ರ ಸೆಪ್ಟೆಂಬರ್‌ನಲ್ಲಿ ಸಿ.ಬಿ.ಎಸ್. ವಾಹಿನಿಯಲ್ಲಿ ‘ಈಸ್ಟ್ ಸೈಡ್ ವೆಸ್ಟ್ ಸೈಡ್’ ಎಂಬ ಸರಣಿ ಶುರುವಾಯಿತು. ನ್ಯೂಯಾರ್ಕಿನ ಬಡಕೇರಿಗಳಲ್ಲಿ ಕೆಲಸ ಮಾಡುವ ಸಮಾಜ ಕಾರ್ಯಕರ್ತನ ಕಥೆ. ಆ ಪಾತ್ರದಲ್ಲಿ ಜಾರ್ಜ್ ಸಿ. ಸ್ಕಾಟ್. ಅವನ ಕಚೇರಿಯ ಕಾರ್ಯದರ್ಶಿ ಜೇನ್ ಫಾಸ್ಟರ್ ಆಗಿ ಟೈಸನ್. ಮನೆಮಂದಿಯೆಲ್ಲ ಕೂತು ನೋಡುವ ರಾತ್ರಿಯ ಹೊತ್ತಿನ ಗಂಭೀರ ಸರಣಿಯಲ್ಲಿ ಕಪ್ಪು ಹೆಣ್ಣೊಬ್ಬಳು ವಾರವಾರವೂ ಬರುವ ಪಾತ್ರವಾದದ್ದೇ ಹೊಸದು. ಆಕೆ ಗಿಡ್ಡ ಗುಂಗುರು ಕೂದಲಿನಲ್ಲೇ ಬಂದದ್ದು ಇನ್ನೂ ಹೊಸದು. ಆಕೆಯನ್ನು ನೋಡಿದ ಎಷ್ಟೋ ಹೆಂಗಸರು ತಾವೂ ಕೂದಲು ಕತ್ತರಿಸಿಕೊಂಡರು. ನಮ್ಮ ವ್ಯಾಪಾರ ಕೆಡುತ್ತಿದೆ ಎಂದು ಕೇಶಾಲಂಕಾರದವರು ಕಾಗದ ಬರೆದರು ಎಂದು ಟೈಸನ್ ಹೇಳುತ್ತಿದ್ದರು. ಬಣ್ಣಭೇದದ ಕಥೆಗಳನ್ನು ನೇರವಾಗಿ ತೋರಿಸುತ್ತಿದ್ದ ಆ ಸರಣಿಯ ಒಂದು ಕಂತನ್ನು ದಕ್ಷಿಣದ ರಾಜ್ಯಗಳ ಕೆಲವು ಟಿ.ವಿ. ನಿಲ್ದಾಣಗಳು ಪ್ರಸಾರ ಮಾಡಲೇ ಇಲ್ಲ. ಒಂದು ವರ್ಷ ತುಂಬುವ ಮೊದಲೇ ಸರಣಿ ನಿಂತಿತು. ಆದರೆ ಆ ಕೂದಲಿನ ಚಿತ್ರ ಒಂದು ಪೀಳಿಗೆಯ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಸಿನಿಮಾಗಳು ಬಂದವು. 1966ರಲ್ಲಿ ‘ಎ ಮ್ಯಾನ್ ಕಾಲ್ಡ್ ಆಡಮ್’, 1967ರಲ್ಲಿ ‘ದಿ ಕಮೀಡಿಯನ್ಸ್’, 1968ರಲ್ಲಿ ‘ದಿ ಹಾರ್ಟ್ ಈಸ್ ಎ ಲೋನ್ಲಿ ಹಂಟರ್’. ಜಾಝ್ ಸಂಗೀತದ ಮೈಲ್ಸ್ ಡೇವಿಸ್ ತಮ್ಮ ‘ಸಾರ್ಸರರ್’ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಟೈಸನ್ ಅವರ ಮುಖವನ್ನೇ ಅಚ್ಚುಹಾಕಿಸಿದರು. ಮುಂದೆ 1981ರಲ್ಲಿ ಇಬ್ಬರೂ ಮದುವೆಯಾದರು. ಆ ದಾಂಪತ್ಯ ಕಷ್ಟದ್ದಾಗಿತ್ತು, ಆ ದಶಕ ಮುಗಿಯುವಷ್ಟರಲ್ಲಿ ಮುರಿಯಿತು.

ಕೇಳುಗರೇ, ಈಗ ಹೇಳಬೇಕಾದದ್ದು ಅವರು ಮಾಡದ ಸಿನಿಮಾಗಳ ಬಗ್ಗೆ. 1960ರ ದಶಕದ ಕೊನೆಯಿಂದ ಹಾಲಿವುಡ್ಡಿಗೆ ಒಂದು ಸಂಗತಿ ಗೊತ್ತಾಗಿತ್ತು. ಕಪ್ಪುಜನರೂ ಕಾಸು ಕೊಟ್ಟು ಟಿಕೆಟ್ ಕೊಳ್ಳುತ್ತಾರೆ. ಅವರನ್ನು ಸೆಳೆಯಲು ಅಗ್ಗದ ಚಿತ್ರಗಳ ಸಾಲೇ ಬಂತು. ಬಂದೂಕು, ಮಾದಕ ವಸ್ತು, ವೇಶ್ಯಾವಾಟಿಕೆ. ಕಪ್ಪು ನಟಿಯರಿಗೆ ಅಲ್ಲಿ ಕೆಲಸ ಧಾರಾಳವಾಗಿತ್ತು. ಟೈಸನ್ ಅಂಥ ಪಾತ್ರಗಳನ್ನು ಒಲ್ಲೆ ಎಂದರು. 1968ರ ಚಿತ್ರ ಆದಮೇಲೆ ಅವರ ಮುಂದಿನ ಮುಖ್ಯ ಚಿತ್ರ ಬಂದದ್ದು 1972ರಲ್ಲಿ. ನಡುವೆ ಟಿ.ವಿ.ಯ ಬಿಡಿ ಪಾತ್ರಗಳೇ ಆಸರೆ. ಬೆನ್ನಿಗೆ ಶ್ರೀಮಂತ ಮನೆತನವಿಲ್ಲದ, ನಲವತ್ತು ದಾಟಿದ ಹೆಣ್ಣು ಕೈಗೆ ಬಂದ ಸಂಬಳವನ್ನು ಬೇಡವೆನ್ನುವುದು ಸಣ್ಣ ಮಾತಲ್ಲ.

ಇಲ್ಲಿ ಒಂದು ವಿಷಯವನ್ನು ನಾವು ಸರಿಯಾಗಿ ತಿಳಿಯಬೇಕು. ಅವರು ಬೇಡವೆಂದದ್ದು ಬಡವರ ಪಾತ್ರಗಳನ್ನೇ? ಆಳುಗಳ, ಮನೆಗೆಲಸದವರ ಪಾತ್ರಗಳನ್ನೇ? ಖಂಡಿತ ಅಲ್ಲ. ಅವರ ಹೆಸರಾಂತ ಪಾತ್ರಗಳ ಪಟ್ಟಿ ತೆಗೆದರೆ ಅದರಲ್ಲಿ ಗೇಣಿಯ ಒಕ್ಕಲಗಿತ್ತಿ ಇದ್ದಾಳೆ, ಗುಲಾಮಳಾಗಿ ಹುಟ್ಟಿದವಳಿದ್ದಾಳೆ, ಅಡುಗೆಯವಳಿದ್ದಾಳೆ, ಮನೆಗೆಲಸದ ಮುದುಕಿಯಿದ್ದಾಳೆ. ನಾನು ಮೊದಲೇ ನೆನಪಿಡಿ ಎಂದಿದ್ದೆನಲ್ಲ, ಆ ತಾಯಿ ಬೇರೆಯವರ ಮನೆಯ ನೆಲ ಒರೆಸಿ ಮಕ್ಕಳನ್ನು ಸಾಕಿದವರು. ಕಸುಬು ಯಾವುದೇ ಇರಲಿ, ಆ ಹೆಣ್ಣಿಗೊಂದು ಮನಸ್ಸಿದೆ, ಮಾನವಿದೆ ಎಂಬುದನ್ನು ಕಥೆ ಬರೆದವನು ಕಂಡಿದ್ದಾನೆಯೇ ಎಂಬುದೊಂದೇ ಟೈಸನ್ ಇಟ್ಟುಕೊಂಡ ಒರೆಗಲ್ಲು. ಕಂಡಿದ್ದರೆ ಆ ಪಾತ್ರಕ್ಕೆ ತಮ್ಮ ಮುಖ ಕೊಡುತ್ತಿದ್ದರು. ಇಲ್ಲವಾದರೆ ಎಷ್ಟು ಹಣ ಕೊಟ್ಟರೂ ಇಲ್ಲ.

ಆ ಒರೆಗಲ್ಲಿಗೆ ತಕ್ಕ ಚಿನ್ನ ‘ಸೌಂಡರ್’. ಮಾರ್ಟಿನ್ ರಿಟ್ ನಿರ್ದೇಶನದ ಈ ಚಿತ್ರ 1972ರಲ್ಲಿ ಬಂತು. 1930ರ ದಶಕದ ಆರ್ಥಿಕ ಕುಸಿತದ ಕಾಲ, ಲೂಸಿಯಾನಾ ರಾಜ್ಯ. ಪರರ ಭೂಮಿಯನ್ನು ಪಾಲಿಗೆ ಉಳುವ ಒಂದು ಕಪ್ಪು ಕುಟುಂಬ. ಮಕ್ಕಳ ಹಸಿವು ತಾಳಲಾರದೆ ಅಪ್ಪ ಒಂದಿಷ್ಟು ಮಾಂಸ ಕದ್ದು ಜೈಲುಪಾಲಾಗುತ್ತಾನೆ. ಉಳುಮೆ, ಬಿತ್ತನೆ, ಮಕ್ಕಳು, ಎಲ್ಲವೂ ತಾಯಿ ರೆಬೆಕಾಳ ಹೆಗಲಿಗೆ ಬೀಳುತ್ತದೆ. ನಿರ್ದೇಶಕರು ಮೊದಲು ಟೈಸನ್ ಅವರನ್ನು ನೆನೆದದ್ದು ಚಿತ್ರದ ಶಾಲಾ ಶಿಕ್ಷಕಿಯ ಪಾತ್ರಕ್ಕೆ. ರೆಬೆಕಾ ಆಗಲು ನೀವು ತೀರ ಎಳೆಯವರು, ತೀರ ಚೆಲುವೆ ಎಂದರು. ಮಾಡೆಲಿಂಗ್ ಕೊಟ್ಟ ರೂಪವೇ ಈಗ ಅಡ್ಡ ಬಂತು. ಟೈಸನ್ ಪಟ್ಟು ಬಿಡಲಿಲ್ಲ, ರೆಬೆಕಾಳನ್ನೇ ಪಡೆದರು. ಬಿಸಿಲಲ್ಲಿ ಮಾಸಿದ ಉಡುಪು, ತಲೆಗೆ ಕಟ್ಟಿದ ಬಟ್ಟೆ, ಬೆವರಿನ ಮುಖ. ಗಂಡ ಸೆರೆಯಿಂದ ಕುಂಟುತ್ತ ಮರಳುವಾಗ ಆಕೆ ಕೈಚಾಚಿ ದಾರಿಯುದ್ದ ಓಡುವ ದೃಶ್ಯವಿದೆ. ಅದನ್ನು ಒಮ್ಮೆ ನೋಡಿದವರು ಮರೆಯಲಾರರು.

ಆ ವರ್ಷ ಅತ್ಯುತ್ತಮ ನಟಿಯ ಆಸ್ಕರ್ ಪ್ರಶಸ್ತಿಗೆ ಟೈಸನ್ ನಾಮನಿರ್ದೇಶನಗೊಂಡರು. ಇನ್ನೊಬ್ಬ ಕಪ್ಪು ನಟಿ ಡಯಾನಾ ರಾಸ್ ಕೂಡ ಅದೇ ಪಟ್ಟಿಯಲ್ಲಿದ್ದರು. ಅದಕ್ಕೆ ಮುಂಚೆ ಆ ವಿಭಾಗದಲ್ಲಿ ನಾಮನಿರ್ದೇಶನ ಪಡೆದ ಕಪ್ಪು ನಟಿ ಡಾರತಿ ಡ್ಯಾಂಡ್ರಿಜ್ ಒಬ್ಬರೇ. ಮತ್ತೆ ಇಬ್ಬರು ಕಪ್ಪು ನಟಿಯರ ಹೆಸರು ಒಟ್ಟಿಗೆ ಆ ಪಟ್ಟಿಗೆ ಬಂದದ್ದು 2021ರಲ್ಲಿ.

‘ಸೌಂಡರ್’ ಪ್ರಚಾರಕ್ಕೆಂದು ಊರೂರು ತಿರುಗುವಾಗ ನಡೆದ ಒಂದು ಘಟನೆಯನ್ನು ಟೈಸನ್ ಮುಂದೆ ಹಲವು ಸಲ ಹೇಳಿದ್ದಾರೆ. ಒಬ್ಬ ಬಿಳಿಯ ಪತ್ರಕರ್ತ ಎದ್ದು ತನ್ನ ಮನಸ್ಸನ್ನು ಬಿಚ್ಚಿಟ್ಟ. ಚಿತ್ರದ ಹುಡುಗ ತನ್ನ ತಂದೆಯನ್ನು ಡ್ಯಾಡಿ ಎಂದು ಕರೆದದ್ದು ಅವನಿಗೆ ಇರುಸುಮುರುಸಾಗಿತ್ತು. ಏಕೆಂದರೆ ಅವನ ಮಗ ಅವನನ್ನು ಕರೆಯುವುದೂ ಹಾಗೆಯೇ! ತನ್ನೊಳಗೆ ಇಂಥ ಭಾವನೆ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಟೈಸನ್ ಅವರಿಗೆ ಅಂದು ತಿಳಿದುಹೋಯಿತು. ನಮ್ಮ ಮಕ್ಕಳೂ ಅಪ್ಪನನ್ನು ಅಪ್ಪ ಎನ್ನುತ್ತಾರೆ ಎಂಬಷ್ಟನ್ನೂ ಈ ದೇಶಕ್ಕೆ ತೋರಿಸಿಕೊಡಬೇಕಾಗಿದೆ, ಆ ಕೆಲಸಕ್ಕೆ ನನ್ನ ನಟನೆಯೇ ವೇದಿಕೆ ಎಂದು ನಿಶ್ಚಯಿಸಿಕೊಂಡರು. ಬರಿಯ ಅಭಿರುಚಿಯಾಗಿದ್ದ ಆಯ್ಕೆ ಅಲ್ಲಿಂದ ಮುಂದೆ ವ್ರತವಾಯಿತು.

1974ರ ಜನವರಿ 31ರ ರಾತ್ರಿ ಸಿ.ಬಿ.ಎಸ್. ವಾಹಿನಿಯಲ್ಲಿ ‘ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’ ಪ್ರಸಾರವಾಯಿತು. ಅರ್ನೆಸ್ಟ್ ಗೇನ್ಸ್ ಅವರ ಕಾದಂಬರಿಯನ್ನು ಆಧರಿಸಿದ ಟಿ.ವಿ. ಚಿತ್ರ. ಗುಲಾಮಗಿರಿಯಲ್ಲಿ ಹುಟ್ಟಿದ ಹೆಣ್ಣೊಬ್ಬಳು ನೂರಹತ್ತು ವರ್ಷ ಬದುಕಿ, ಅಂತರ್ಯುದ್ಧದಿಂದ ಹಿಡಿದು 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯವರೆಗೆ ಎಲ್ಲವನ್ನೂ ಕಾಣುತ್ತಾಳೆ. ಇಪ್ಪತ್ತರ ಹರೆಯದಿಂದ ನೂರಹತ್ತರ ಮುಪ್ಪಿನವರೆಗೆ ಟೈಸನ್ ಒಬ್ಬರೇ ಅಭಿನಯಿಸಿದರು. ಸ್ಟ್ಯಾನ್ ವಿನ್ಸ್ಟನ್, ರಿಕ್ ಬೇಕರ್ ಎಂಬ ಪ್ರಸಾಧನ ಕಲಾವಿದರು ಗಂಟೆಗಟ್ಟಲೆ ಕೂತು ಅವರ ಮುಖಕ್ಕೆ ಸುಕ್ಕುಗಳನ್ನು ಕಟ್ಟಿದರು. ಮುಪ್ಪಿನ ನಡಿಗೆ, ನಡುಗುವ ಕೈ, ಮಾತಿನ ನಡುವೆ ಉಸಿರು ಹಿಡಿಯುವ ರೀತಿ, ಇವೆಲ್ಲ ಟೈಸನ್ ವೃದ್ಧರ ಜೊತೆ ಕಾಲ ಕಳೆದು ಗಮನಿಸಿ ಕಲಿತದ್ದು. ಎಳೆತನವೇ ಬಂಡವಾಳವಾದ ಕಸುಬಿನಿಂದ ಬಂದು, ವಯಸ್ಸು ಮುಚ್ಚಿಡು ಎಂಬ ಬುದ್ಧಿಮಾತು ಕೇಳಿದ್ದ ನಟಿ ಇಡೀ ದೇಶದ ಕಣ್ಣೆದುರು ಮುದುಕಿಯಾದರು.

ಚಿತ್ರದ ಕೊನೆಯಲ್ಲಿ ಜೇನ್ ನ್ಯಾಯಾಲಯದ ಅಂಗಳಕ್ಕೆ ಬರುತ್ತಾಳೆ. ಅಲ್ಲಿ ಬಿಳಿಯರಿಗೆ ಮಾತ್ರ ಎಂದು ಬರೆದ ಕುಡಿಯುವ ನೀರಿನ ನಲ್ಲಿ. ಕೋಲೂರಿಕೊಂಡು ಒಂದೊಂದೇ ಹೆಜ್ಜೆ ಇಟ್ಟು, ಅಲ್ಲಿಗೆ ತಲುಪಿ, ಬಾಗಿ, ನೀರು ಕುಡಿಯುತ್ತಾಳೆ. ಭಾಷಣವಿಲ್ಲ, ಘೋಷಣೆಯಿಲ್ಲ. ಕೆರೆಯ ನೀರಿಗಾಗಿ, ಬಾವಿಯ ನೀರಿಗಾಗಿ ಹೋರಾಡಿದ ನಾಡು ನಮ್ಮದು. ಆ ದೃಶ್ಯದ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಪಾತ್ರಕ್ಕೆ ಟೈಸನ್ ಅವರಿಗೆ ಟಿ.ವಿ. ರಂಗದ ಎರಡು ಎಮ್ಮಿ ಪ್ರಶಸ್ತಿಗಳು ಬಂದವು. ‘ವೋಗ್’ ಕಪ್ಪು ಮಾಡೆಲ್‌ಗೆ ಮೊದಲ ಸಲ ಮುಖಪುಟ ಕೊಟ್ಟದ್ದೂ ಅದೇ ವರ್ಷ. ತಮಗೆ ಎಂದೂ ಸಿಗದ ಆ ಮುಖಪುಟಕ್ಕೆ ಕಾದು ಕೂರದೆ, ಅಷ್ಟರಲ್ಲಿ ಟೈಸನ್ ಮನೆಮನೆಯ ಟಿ.ವಿ.ಯಲ್ಲಿ ತಮ್ಮ ಜನರ ನೂರು ವರ್ಷದ ಚರಿತ್ರೆಯನ್ನೇ ಹೇಳಿ ಮುಗಿಸಿದ್ದರು.

ಮುಂದೆ ಟಿ.ವಿ.ಯೇ ಅವರ ದೊಡ್ಡ ರಂಗವಾಯಿತು. 1977ರಲ್ಲಿ ಎಂಟು ರಾತ್ರಿ ಅಮೆರಿಕವನ್ನು ಟಿ.ವಿ.ಯ ಮುಂದೆ ಕೂರಿಸಿದ ‘ರೂಟ್ಸ್’ ಸರಣಿಯಲ್ಲಿ ಕಥಾನಾಯಕ ಕುಂಟಾ ಕಿಂಟೆಯ ತಾಯಿ ಬಿಂಟಾ. 1978ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮಡದಿ ಕೊರೆಟಾ. ಅದೇ ವರ್ಷ, ತಾನು ತಪ್ಪಿಸಿಕೊಂಡು ಬಂದು ಇತರ ಗುಲಾಮರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್. 1981ರಲ್ಲಿ ಷಿಕಾಗೋದ ಶಿಕ್ಷಕಿ ಮಾರ್ವಾ ಕಾಲಿನ್ಸ್. ಈ ಹೆಸರುಗಳನ್ನು ಒಟ್ಟಿಗಿಟ್ಟು ನೋಡಿದರೆ ಶಾಲೆಯ ಪಠ್ಯದಲ್ಲಿ ಸರಿಯಾಗಿ ಜಾಗ ಸಿಗದ ಹೆಣ್ಣುಮಕ್ಕಳ ಚರಿತ್ರೆ ಸಿಗುತ್ತದೆ. 1969ರಲ್ಲಿ ನೃತ್ಯಗಾರ ಆರ್ಥರ್ ಮಿಚೆಲ್ ‘ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಕಟ್ಟುವಾಗ ಅವರ ಜೊತೆಗೆ ನಿಂತದ್ದೂ ಇದೇ ಕೆಲಸದ ಭಾಗ. ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ ಅವರ ಹೆಸರಿನ ಕಲಾಶಾಲೆಯಿದೆ.

ಪಾತ್ರಗಳು ಕಡಿಮೆಯಾದ ವರ್ಷಗಳೂ ಇದ್ದವು. ಆದರೂ ಅವರ ಹಂಬಲ ಆರಲಿಲ್ಲ. 1985ರಲ್ಲಿ ‘ದಿ ಟ್ರಿಪ್ ಟು ಬೌಂಟಿಫುಲ್’ ಚಿತ್ರ ನೋಡಿದ ಟೈಸನ್, ನನಗೂ ಇಂಥದೊಂದು ಪಾತ್ರ ತಂದುಕೊಡಿ ಎಂದು ತಮ್ಮ ಏಜೆಂಟರನ್ನು ಕೇಳಿದ್ದರು. ಸಾಯುವ ಮುನ್ನ ಹುಟ್ಟೂರನ್ನು ಒಮ್ಮೆ ನೋಡಬೇಕೆಂದು ಹೊರಡುವ ಮುದುಕಿಯ ಕಥೆ ಅದು. ಅದೇ ಪಾತ್ರ ನಾಟಕವಾಗಿ ಅವರ ಕೈಗೆ ಬಂದದ್ದು 2013ರಲ್ಲಿ, ಬ್ರಾಡ್‌ವೇ ರಂಗಮಂದಿರದಲ್ಲಿ. ಆ ಪಾತ್ರ ಭಕ್ತಿಗೀತೆಯೊಂದನ್ನು ಹಾಡತೊಡಗಿದಾಗ ಪ್ರೇಕ್ಷಕರು ಕೂತಲ್ಲಿಂದಲೇ ದನಿಗೂಡಿಸುತ್ತಿದ್ದರು. 88ನೆಯ ವಯಸ್ಸಿನಲ್ಲಿ ಅವರಿಗೆ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. 2016ರಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಟೈಸನ್ ಕೊರಳಿಗೆ ಸ್ವಾತಂತ್ರ್ಯ ಪದಕ ತೊಡಿಸಿದರು. 2018ರಲ್ಲಿ ಗೌರವ ಆಸ್ಕರ್ ಬಂತು.

ಪ್ರಶಸ್ತಿಗಳಿಗಿಂತ ದೊಡ್ಡ ಫಲ ಒಂದಿದೆ. ಜೇನ್ ಪಿಟ್‌ಮನ್ ಚಿತ್ರವನ್ನು ರೋಡ್ ಐಲೆಂಡ್ ರಾಜ್ಯದ ಒಂದು ಬಡ ಮನೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ನೋಡಿದಳು. ತನ್ನಂಥದೇ ಮುಖ ಟಿ.ವಿ.ಯಲ್ಲಿ ಕಂಡು ತಾನೂ ನಟಿಯಾಗಬೇಕೆಂದು ನಿರ್ಧರಿಸಿದಳು. ಆಕೆ ವಯೋಲಾ ಡೇವಿಸ್. ಮುಂದೆ ‘ಹೌ ಟು ಗೆಟ್ ಅವೇ ವಿತ್ ಮರ್ಡರ್’ ಸರಣಿಯಲ್ಲಿ ವಯೋಲಾ ನಾಯಕಿ, ಆ ನಾಯಕಿಯ ತಾಯಿಯ ಪಾತ್ರದಲ್ಲಿ ಟೈಸನ್. 2015ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ ತಾಯಿ ಮಗಳನ್ನು ಕಾಲ ಬಳಿ ಕೂರಿಸಿಕೊಂಡು ಅವಳ ಗುಂಗುರು ಕೂದಲನ್ನು ಬಾಚುತ್ತಾಳೆ. ಅರ್ಧ ಶತಮಾನದ ಹಿಂದೆ ಟೈಸನ್ ಒಬ್ಬರೇ ಧೈರ್ಯ ಮಾಡಿ ತೋರಿಸಿದ ಕೂದಲು ಈಗ ಒಂದು ಮನೆಯ ಸಹಜ ದೃಶ್ಯವಾಗಿತ್ತು. ಅದೇ ವರ್ಷ ವಯೋಲಾ ನಾಟಕೀಯ ಸರಣಿಯ ಅತ್ಯುತ್ತಮ ನಟಿಯಾಗಿ ಎಮ್ಮಿ ಗೆದ್ದರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ನಟಿ ಅವರು. ಟೈಸನ್ ಆತ್ಮಕಥೆಗೆ ಮುನ್ನುಡಿ ಬರೆದವರೂ ಅವರೇ.

ಕೇಳುಗರೇ, ನಮ್ಮಲ್ಲೂ ಈಗ ಸಾವಿರಾರು ಹೆಣ್ಣುಮಕ್ಕಳು ಫೋಟೋ ತೆಗೆಸಿಕೊಂಡು ಆಡಿಷನ್‌ಗಳಿಗೆ ಹೋಗುತ್ತಿದ್ದಾರೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಬಣ್ಣ ಸ್ವಲ್ಪ ಕಪ್ಪು, ಮೂಗು ಸ್ವಲ್ಪ ಮೊಂಡು, ವಯಸ್ಸು ಸ್ವಲ್ಪ ಜಾಸ್ತಿ ಎಂಬ ಮಾತುಗಳು ಅವರ ಕಿವಿಗೂ ಬೀಳುತ್ತವೆ. ಅವರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಮೊದಲ ಅವಕಾಶವನ್ನು ನಿಮ್ಮ ರೂಪ ತಂದುಕೊಡಬಹುದು. ಅಲ್ಲಿಂದ ಮುಂದೆ ನೀವು ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಲ್ಲೆ ಎನ್ನುತ್ತೀರಿ ಎಂಬುದು ನಿಮ್ಮನ್ನು ಕಟ್ಟುತ್ತದೆ. ಮನೆಮಂದಿಗೂ ಒಂದು ಮಾತು. ಮಗಳು ಒಂದು ಪಾತ್ರ ಬೇಡವೆಂದು ಬರಿಗೈಯಲ್ಲಿ ಬಂದ ದಿನ ಅವಳ ಜೊತೆಗಿರಿ. ಒಲ್ಲೆ ಎನ್ನುವ ಶಕ್ತಿ ಒಬ್ಬಂಟಿಗೆ ಸುಲಭಕ್ಕೆ ಬರುವುದಿಲ್ಲ. ಇನ್ನು ನೋಡುವ ನಾವೂ ಹೊಣೆಗಾರರೇ. ಮಾನವಿರುವ ಪಾತ್ರಗಳನ್ನು ನಾವು ಕೂತು ನೋಡಿದರೆ ಬರೆಯುವವರು ಬರೆಯುತ್ತಾರೆ, ಹಣ ಹಾಕುವವರು ಹಾಕುತ್ತಾರೆ. ಆಗ ನಮ್ಮ ಹೆಣ್ಣುಮಕ್ಕಳು ಒಂದು ಒಳ್ಳೆಯ ಪಾತ್ರಕ್ಕಾಗಿ ಟೈಸನ್ ಕಾದಷ್ಟು ಕಾಲ ಕಾಯಬೇಕಾಗುವುದಿಲ್ಲ.